ಭರತದ ಲೆಕ್ಕ ಹಾಕಿ ಹೊರಟ ಸಂಜೆ: ಲಿಸ್ಬನ್ನಿನ ತೇಜೊ ನದಿಯಲ್ಲಿ ಹಾಯಿದೋಣಿಯ ಅನುಭವ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಎದುರು ಹರಿಯುವ ತೇಜೊ ನದಿಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಹಾಯಿದೋಣಿಯ ವಿಹಾರ ಮಾಡಿಸುವವರು ಬಹಳ ಜನರಿದ್ದಾರೆ. ತಲೆಗಿಷ್ಟು ಎಂದು ಹಣ ಕೊಟ್ಟು ಅಪರಿಚಿತರ ಜೊತೆ ಹೋಗಬಹುದು, ಇಲ್ಲವೇ ಇಡೀ ದೋಣಿಯನ್ನು ನಾವಿಕರ ಸಮೇತ ನಮ್ಮವರಿಗಾಗಿಯೇ ಗೊತ್ತು ಮಾಡಿಕೊಳ್ಳಬಹುದು. ಅಪ್ಪ, ಅಮ್ಮ ಮತ್ತು ತಂಗಿಯನ್ನು ಕರೆದುಕೊಂಡು ಅಕ್ಟೋಬರ್ ತಿಂಗಳಿನ ಒಂದು ಸಂಜೆ ನಾನು ಎರಡನೆಯ ದಾರಿಯನ್ನು ಆರಿಸಿಕೊಂಡೆ. ದೋಣಿಯಲ್ಲಿ ನಮ್ಮವರಷ್ಟೇ ಇರುವುದು ಸುಖದ ಸಂಗತಿಯೇ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪ್ರಯೋಜನವೆಂದರೆ ಹೊರಡುವ ದಿನ, ಹೊತ್ತು ಮತ್ತು ದಿಕ್ಕನ್ನು ನಿರ್ಧರಿಸುವ ಅಧಿಕಾರ ನಮ್ಮ ಕೈಗೆ ಬರುವುದು. ಆ ಅಧಿಕಾರವನ್ನು ಬಳಸಿಕೊಳ್ಳದಿದ್ದರೆ ಹೆಚ್ಚಿನ ಹಣ ತೆತ್ತದ್ದು ಅರ್ಧ ವ್ಯರ್ಥವೆಂದೇ ಹೇಳಬೇಕು.

ನಮ್ಮದು ಹೊನ್ನಾವರ. ಶರಾವತಿಯ ಅಳಿವೆಯ ಪಕ್ಕದಲ್ಲಿ ಬೆಳೆದವರಿಗೆ ನದಿಯು ಒಂದೇ ದಿಕ್ಕಿಗೆ ಹರಿಯುವುದಿಲ್ಲ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ತೇಜೊ ಕೂಡ ಲಿಸ್ಬನ್ನಿನ ಮುಂದೆ ಅಳಿವೆಯೇ. ಆದರೆ ಅದರ ಆಕಾರ ವಿಚಿತ್ರವಾದದ್ದು: ಕಡಲ ಕಡೆಗೆ ಅಗಲವಾಗುವ ಬದಲು ನಗರದ ಮೂಡಣಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ಅಗಲದ ಹಿನ್ನೀರಾಗಿ ಹರಡಿಕೊಂಡಿದೆ, ನಗರದ ಪಡುವಣ ಭಾಗದಲ್ಲಿ, ಅಂದರೆ ದೊಡ್ಡ ತೂಗುಸೇತುವೆ ಇರುವಲ್ಲಿ, ಸುಮಾರು ಎರಡು ಕಿಲೋಮೀಟರಿಗೆ ಕಿರಿದಾಗಿದೆ. ಹಿನ್ನೀರನ್ನು ತುಂಬಿಸುವ ಮತ್ತು ಬರಿದು ಮಾಡುವ ನೀರೆಲ್ಲವೂ ಆ ಕಿರಿದಾದ ಜಾಗದಲ್ಲೇ ನುಗ್ಗಬೇಕು. ನಮ್ಮ ಕಾರವಾರದ ಕರಾವಳಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಭರತಕ್ಕೂ ಇಳಿತಕ್ಕೂ ಎರಡು ಮೀಟರ್ ಆಸುಪಾಸಿನ ಅಂತರವಿದ್ದರೆ ಲಿಸ್ಬನ್ನಿನಲ್ಲಿ ಅದು ಮೂರರಿಂದ ನಾಲ್ಕು ಮೀಟರ್. ಅಂಥ ದಿನಗಳಲ್ಲಿ ಇಳಿತದ ಸೆಳೆತ ಮೂರು ನಾಟ್ (ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್) ದಾಟುತ್ತದೆ. ಹದವಾದ ಗಾಳಿಯಲ್ಲಿ ಐದು ನಾಟ್ ವೇಗದಲ್ಲಿ ಸಾಗುವ ಹಾಯಿದೋಣಿ ಆ ಸೆಳೆತಕ್ಕೆ ಎದುರಾಗಿ ಹೊರಟರೆ ದಡದ ಕಟ್ಟಡಗಳು ಕದಲಿದಂತೆಯೇ ಕಾಣುವುದಿಲ್ಲ, ಮತ್ತು ಬೇಸತ್ತ ನಾವಿಕರು ಎಂಜಿನ್ ಹಾಕಬೇಕಾಗುತ್ತದೆ.

ಹೀಗಾಗಿ ನಾನು ಮೊದಲು ನೋಡಿದ್ದು ದೋಣಿಗಳ ಚಿತ್ರಗಳನ್ನಲ್ಲ, ಪೋರ್ಚುಗಲ್ಲಿನ ಜಲಮಾಪನ ಸಂಸ್ಥೆ ಪ್ರಕಟಿಸುವ ಭರತ-ಇಳಿತದ ವೇಳಾಪಟ್ಟಿಯನ್ನು. ಹುಣ್ಣಿಮೆ ಅಥವಾ ಅಮಾವಾಸ್ಯೆಯಂದು ಅಲ್ಲಿ ಮಧ್ಯಾಹ್ನ ಮೂರು-ನಾಲ್ಕು ಗಂಟೆಯ ಸುಮಾರಿಗೆ ಭರತ ತುಂಬುತ್ತದೆ; ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗಿ ಬಿದಿಗೆ-ತದಿಗೆಯ ಹೊತ್ತಿಗೆ ಸಂಜೆ ಐದೂವರೆಯ ಆಸುಪಾಸಿಗೆ ಬರುತ್ತದೆ. ಅಪ್ಪ ಊರಿನಲ್ಲಿ ತಿಥಿ ನೋಡಿ ನೀರಿನ ಹೊತ್ತು ಹೇಳುವ ಕ್ರಮ ಅಲ್ಲಿಯೂ ಹಾಗೆಯೇ ನಡೆಯುತ್ತದೆ, ಗಂಟೆಗಳು ಮಾತ್ರ ಬೇರೆ. ನಮಗೆ ಬೇಕಾದದ್ದು ತದಿಗೆಯ ಸಂಜೆ: ಭರತದ ಕೊನೆಯ ಭಾಗದೊಂದಿಗೆ ನಗರದ ಮುಂದೆ ಮೂಡಣಕ್ಕೆ ಸಾಗಿ, ನೀರು ನಿಂತಾಗ ತಿರುಗಿ, ಇಳಿತ ಶುರುವಾದಾಗ ಅದರ ಜೊತೆಗೇ ಪಡುವಣಕ್ಕೆ, ಮುಳುಗುವ ಸೂರ್ಯನ ಕಡೆಗೆ ಬರುವುದು. ಬೆಳಕಿನ ದೃಷ್ಟಿಯಿಂದಲೂ ಇದೇ ಕ್ರಮ ಸರಿ. ಹೋಗುವಾಗ ಸೂರ್ಯ ಬೆನ್ನಿಗಿದ್ದು ತೆಂಕಣಕ್ಕೆ ಮುಖ ಮಾಡಿದ ನಗರ ಪೂರ್ತಿ ಬೆಳಗಿರುತ್ತದೆ; ಬರುವಾಗ ಸೇತುವೆಯೂ ಗೋಪುರಗಳೂ ಕೆಂಪು ಆಕಾಶದ ಮುಂದೆ ಕಪ್ಪಾಗಿ ನಿಲ್ಲುತ್ತವೆ.

ತಿಂಗಳನ್ನೂ ಇದೇ ರೀತಿ ಆರಿಸಿದೆ. ಜೂನ್-ಜುಲೈಯಲ್ಲಿ ಲಿಸ್ಬನ್ನಿನ ಸೂರ್ಯ ರಾತ್ರಿ ಒಂಬತ್ತರ ಸುಮಾರಿಗೆ ವಾಯವ್ಯದಲ್ಲಿ, ಬಡಗಣ ದಡದ ನೆಲದ ಹಿಂದೆ ಮುಳುಗುತ್ತಾನೆ. ಸೂರ್ಯ ತೆಂಕಣಕ್ಕೆ ಸರಿಯುತ್ತ ಬಂದಂತೆ, ಅಕ್ಟೋಬರಿನಲ್ಲಿ, ಸೇತುವೆಯ ಬಳಿ ನಿಂತು ನೋಡಿದವರಿಗೆ ಅವನು ಬಡಗಣದ ಸಾವ್ ಜುಲಿಯಾವ್ ಕೋಟೆಗೂ ನದಿಯ ಬಾಯಲ್ಲಿರುವ ಬುಜಿಯೊ ದೀಪಸ್ತಂಭಕ್ಕೂ ನಡುವೆ, ತೆರೆದ ನೀರಿನ ಮೇಲೆಯೇ ಇಳಿಯುತ್ತಾನೆ. ತಿಂಗಳ ನಡುವಿನಲ್ಲಿ ಇದು ಸಂಜೆ ಏಳರ ಹೊತ್ತು. ಗಾಳಿಯೂ ಆಗ ಅನುಕೂಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ನೊರ್ತಾದ ಎಂಬ ಬಡಗಣ ಗಾಳಿ ಜೋರಾಗಿ ಬೀಸುತ್ತದೆ. ಒಳನಾಡು ಕಾದು ಕಡಲು ತಣ್ಣಗಿರುವುದರಿಂದ ಹೊತ್ತೇರಿದಂತೆ ಬಲವಾಗುವ ಈ ಗಾಳಿ 20 ನಾಟ್ ದಾಟುವುದು ಸಾಮಾನ್ಯ. ದೋಣಿ ನಡೆಸುವ ಹುರುಪಿರುವವರಿಗೆ ಅದು ಹಬ್ಬ, ಎಪ್ಪತ್ತು ದಾಟಿದ ಅಪ್ಪ-ಅಮ್ಮಂದಿರಿಗೆ ಅಲ್ಲ.

ದೋಣಿಯವರನ್ನು ಆರಿಸುವಾಗ ನಾನು ಕೇಳಿದ ಪ್ರಶ್ನೆಗಳು ಕೆಲವೇ. ಪೋರ್ಚುಗಲ್ಲಿನಲ್ಲಿ ಇಂಥ ವಿಹಾರ ನಡೆಸುವವರು ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು ಮತ್ತು ಪ್ರಯಾಣಿಕರಿಗೆ ಅಪಘಾತ ವಿಮೆ ಮಾಡಿಸಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳಿದೆ, ತಡವಿಲ್ಲದೆ ಕಳುಹಿಸಿದರು. ಗಾಳಿ ಅತಿಯಾದರೆ ಅಥವಾ ಮಳೆ ಹಿಡಿದರೆ ದಿನ ಬದಲಿಸಲು ಸಾಧ್ಯವೇ ಎಂದು ಕೇಳಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವಿದ್ದಷ್ಟು ಹೊತ್ತು ಹಾಯಿಯಲ್ಲೇ ಸಾಗಬೇಕು, ಎಂಜಿನ್ ಬೇಡ, ಎಂದು ಮೊದಲೇ ಬರೆದು ತಿಳಿಸಿದೆ. ಸಾಮಾನ್ಯವಾಗಿ ಇವನ್ನು ಎರಡು ಗಂಟೆಯ ಲೆಕ್ಕದಲ್ಲಿ ಮಾರುತ್ತಾರೆ. ಆ ಅವಧಿಯಲ್ಲಿ ನಗರದ ಎರಡೂ ಭಾಗಗಳನ್ನು ಹಾಯಿಯಲ್ಲಿ ಮುಟ್ಟಿ ಬರುವುದು ಕಷ್ಟವಾದ್ದರಿಂದ ಮೂರು ಗಂಟೆಗೆ ಮಾತಾಡಿಕೊಂಡೆ. ಎರಡು ಒಡಲಿನ ಕ್ಯಾಟಮರಾನ್ ದೋಣಿ ಓಲಾಡುವುದಿಲ್ಲ, ವಯಸ್ಸಾದವರಿಗೆ ಒಳ್ಳೆಯದು ಎಂದು ಸಲಹೆ ಕೊಟ್ಟವರಿದ್ದರು. ಅದು ನಿಜವಾದರೂ ಮಂದ ಗಾಳಿಯಲ್ಲಿ ಒಂಟಿ ಒಡಲಿನ ದೋಣಿ ಚೆನ್ನಾಗಿ ಸಾಗುತ್ತದೆ, ಮತ್ತು ಗಾಳಿಗೆ ತುಸು ವಾಲಿ ನೀರು ಸೀಳಿಕೊಂಡು ಹೋಗುವ ಆ ಅನುಭವಕ್ಕಾಗಿಯೇ ನಾವು ಹೊರಟದ್ದು. ಹನ್ನೊಂದು ಮೀಟರ್ ಉದ್ದದ ಅಂಥ ಒಂದು ದೋಣಿಯನ್ನು ಗೊತ್ತು ಮಾಡಿದೆ.

ದೋಣಿ ಹತ್ತುವ ಜಾಗ ಸಾಂತು ಅಮಾರು ಧಕ್ಕೆ, ತೂಗುಸೇತುವೆಯ ನೇರ ಬುಡದಲ್ಲಿದೆ. ಇಲ್ಲಿ ದೋಣಿಗಳನ್ನು ತೇಲುವ ಕಟ್ಟೆಗಳಿಗೆ ಕಟ್ಟಿರುತ್ತಾರೆ. ದಡದಿಂದ ಅಲ್ಲಿಗೆ ಇಳಿಯಲು ಕೀಲಿನ ಮೇಲೆ ಏರಿಳಿಯುವ ಕಿರುಸೇತುವೆ ಇರುತ್ತದೆ. ಇಳಿತದ ವೇಳೆ ಕಟ್ಟೆ ಮೂರು ನಾಲ್ಕು ಮೀಟರ್ ಕೆಳಗೆ ಹೋಗಿ ಈ ಕಿರುಸೇತುವೆ ಕಡಿದಾಗಿ ನಿಲ್ಲುತ್ತದೆ, ಭರತದ ವೇಳೆ ಬಹುತೇಕ ಸಮತಟ್ಟಾಗಿರುತ್ತದೆ. ಅಪ್ಪನ ಮೊಣಕಾಲು ನೋವಿಗೆ ಈ ಒಂದು ಸಂಗತಿಯೇ ಭರತದ ಸಂಜೆಯನ್ನು ಆರಿಸಲು ಸಾಕಾದ ಕಾರಣವಾಗಿತ್ತು. ಮೃದುವಾದ ಅಡಿಯ ಬೂಟು ಮತ್ತು ದಪ್ಪನೆಯ ಮೇಲಂಗಿ ಎಲ್ಲರಿಗೂ ಬೇಕು. ಹಗಲು ಎಷ್ಟೇ ಬೆಚ್ಚಗಿದ್ದರೂ ಸೂರ್ಯ ಇಳಿದೊಡನೆ ನೀರಿನ ಮೇಲೆ ಚಳಿ ಹಿಡಿಯುತ್ತದೆ.

ಐದಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಹೊರಟೆವು. ಚುಕ್ಕಾಣಿ ಹಿಡಿದವರು ಇದೇ ನದಿಯಲ್ಲಿ ಕೆಲಸ ಕಲಿತ ಮಹಿಳೆ. ನೀರಿನ ಲೆಕ್ಕ ಹಾಕಿ ಹೊತ್ತು ಕೇಳಿದ್ದಕ್ಕೆ ಅವರು ಸಂತೋಷಪಟ್ಟು, ಧಕ್ಕೆಯ ಬಾಯಿ ದಾಟಿದೊಡನೆ ಎಂಜಿನ್ ನಿಲ್ಲಿಸಿ ದೊಡ್ಡ ಹಾಯಿಯ ಹಗ್ಗವನ್ನು ನನ್ನ ಮತ್ತು ತಂಗಿಯ ಕೈಗೆ ಕೊಟ್ಟರು. ಮುಂದಿನ ಚಿಕ್ಕ ಹಾಯಿಯನ್ನೂ ಬಿಚ್ಚಿದ ಮೇಲೆ ಬಡಗಣದ ಹಗುರ ಗಾಳಿ ಎಡಗಡೆಯಿಂದ ಬಂದು, ದೋಣಿ ಬಲಕ್ಕೆ ಸ್ವಲ್ಪ ವಾಲಿ ಮೂಡಣಕ್ಕೆ ಸಾಗಿತು. ನಗರ ಗುಡ್ಡಗಳ ಮೇಲಿರುವುದರಿಂದ ಗಾಳಿ ಒಂದೇ ಸಮನೆ ಬರುವುದಿಲ್ಲ. ಅಲ್ಕಾಂತರದ ಕಣಿವೆಯ ಎದುರು ಒಮ್ಮೆಲೇ ಬೀಸಿ, ಕಟ್ಟಡಗಳ ಮರೆಗೆ ಬಂದಾಗ ಸಣ್ಣದಾಗುತ್ತದೆ. ಗಾಳಿಯ ಬೀಸು ಬರುವ ಮೊದಲೇ ನೀರಿನ ಮೇಲೆ ಕಪ್ಪು ಸುಕ್ಕು ಕಾಣಿಸುತ್ತದೆ ಎಂದು ಅವರು ತೋರಿಸಿಕೊಟ್ಟ ಮೇಲೆ ಹಗ್ಗ ಸಡಿಲಿಸುವ ಹೊತ್ತು ನಮಗೇ ತಿಳಿಯತೊಡಗಿತು. ಕಾಯ್ಸ್ ದು ಸೊದ್ರೆಯಿಂದ ಆಚೆ ದಡದ ಕಸಿಲ್ಯಾಸಿಗೆ ಹೋಗುವ ಲಾಂಚುಗಳು, ಬರೆಯ್ರುವಿಗೆ ಹೋಗುವ ವೇಗದ ಕ್ಯಾಟಮರಾನುಗಳು ದಾರಿಗೆ ಅಡ್ಡ ಬರುತ್ತವೆ. ಅವುಗಳ ಅಲೆಗೆ ದೋಣಿ ಎಗರುವುದರಿಂದ ಆ ಭಾಗದಲ್ಲಿ ಎಲ್ಲರೂ ಕೂತೇ ಇರಬೇಕು.

ತೆರೆಯ್ರು ದು ಪಾಸು, ಅಂದರೆ ಅರಮನೆಯ ಬಯಲು, ನೀರಿನಿಂದ ನೋಡಬೇಕಾದ ಜಾಗ. ಮೂರು ಕಡೆ ಹಳದಿ ಕಟ್ಟಡಗಳು, ನಾಲ್ಕನೆಯ ಕಡೆ ನದಿ, ನೀರಿಗಿಳಿಯುವ ಮೆಟ್ಟಿಲುಗಳ ಬಳಿ ಎರಡು ಕಂಬಗಳು. 1755ರ ನವೆಂಬರ್ 1ರ ಬೆಳಿಗ್ಗೆ ಭೂಕಂಪವಾದಾಗ, ಕುಸಿಯುವ ಕಟ್ಟಡಗಳಿಂದ ತಪ್ಪಿಸಿಕೊಳ್ಳಲು ಜನ ಓಡಿ ಬಂದದ್ದು ಇಲ್ಲಿಯ ತೆರೆದ ದಡಕ್ಕೆ; ಆಮೇಲೆ ನದಿಯೇ ಸುನಾಮಿಯಾಗಿ ಏರಿ ಬಂತು. ದಡದ ರಾಜಮನೆಯೂ, ಅದರ ಜೊತೆಗೆ ಪೂರ್ವದೇಶಗಳ ವ್ಯಾಪಾರದ ಲೆಕ್ಕ ಇಡುತ್ತಿದ್ದ ಕಾಜ ದ ಇಂದಿಯ ಕಚೇರಿಯೂ ಅಂದು ನಾಶವಾದವು. ನಮ್ಮ ಕರಾವಳಿಯ ಮೆಣಸು ಅಳೆದು ಬರೆದಿಟ್ಟ ಕಾಗದಗಳು ಎಷ್ಟು ಹೋದವೋ ಎಂದು ಶಾಲಾ ಮೇಷ್ಟ್ರಾಗಿ ನಿವೃತ್ತರಾದ ಅಪ್ಪ ಬಹಳ ಹೊತ್ತು ಮರುಗಿದರು. ನನಗೂ ಆ ಮರುಕ ಸಹಜವೆನಿಸಿತು.

ನೀರು ನಿಂತ ಹೊತ್ತಿಗೆ ಅಲ್ಫಾಮ ಎಂಬ ಹಳೆಯ ಬಡಾವಣೆಯ ಎದುರು ತಿರುಗಿದೆವು. ಹಾಯಿಗಳು ಆಚೆ ಬದಿಗೆ ಬಂದವು, ಅಡ್ಡಮರ ತಲೆಯ ಮೇಲೆ ಹಾದುಹೋಗುವಾಗ ಬಗ್ಗಲು ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದೆವು. ಹತ್ತು ನಿಮಿಷದಲ್ಲಿ ಇಳಿತ ಹಿಡಿಯಿತು. ಲಂಗರು ಹಾಕಿದ ದೋಣಿಗಳೆಲ್ಲ ಮೂತಿ ತಿರುಗಿಸಿದ್ದರಿಂದ ಅದು ಕಣ್ಣಿಗೇ ಕಾಣುವಂತಿತ್ತು.

ಸೇತುವೆ 1966ರ ಆಗಸ್ಟಿನಲ್ಲಿ ಸಾಲಜಾರ್ ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿ ತೆರೆದುಕೊಂಡು, 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಆ ದಿನದ ಹೆಸರನ್ನೇ ಪಡೆಯಿತು. ಉದ್ದ 2,277 ಮೀಟರ್. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ ಕೊಂಕಣ ರೈಲ್ವೆಯ ಸೇತುವೆಯೂ ಎರಡು ಕಿಲೋಮೀಟರ್ ದಾಟುತ್ತದೆ, ಆದರೆ ಅದು ಸಾಲುಗಂಬಗಳ ಮೇಲೆ ನಿಂತಿದೆ; ಇಲ್ಲಿ ಎರಡು ಗೋಪುರಗಳ ನಡುವಿನ 1,013 ಮೀಟರ್ ಪೂರ್ತಿ ತೂಗಿನ ಮೇಲೆಯೇ ಇದೆ, ನೀರಿನಿಂದ 70 ಮೀಟರ್ ಎತ್ತರದಲ್ಲಿ. ಕೆಳಗೆ ಹಾಯುವಾಗ ಮೇಲಿನಿಂದ ಒಂದೇ ಸಮನೆ ಗುಂಯ್ಗುಡುವ ಸದ್ದು ಕೇಳುತ್ತದೆ. ರಸ್ತೆಯ ಕೆಲವು ಪಥಗಳಿಗೆ ಡಾಂಬರಿನ ಬದಲು ಕಬ್ಬಿಣದ ಜಾಲರಿ ಹಾಸಿದ್ದಾರೆ, ಅದರ ಮೇಲೆ ಗಾಲಿಗಳು ಉರುಳುವ ಸದ್ದು ಅದು. ಎಂಜಿನ್ ಓಡುತ್ತಿರುವ ದೋಣಿಯಲ್ಲಿ ಇದು ಇಷ್ಟು ಸ್ಪಷ್ಟವಾಗಿ ಕೇಳಲು ಸಾಧ್ಯವಿಲ್ಲ.

ಸೇತುವೆಯಿಂದ ಬೆಲೇಮಿನವರೆಗಿನ ಮೂರು-ಮೂರೂವರೆ ಕಿಲೋಮೀಟರನ್ನು ಇಳಿತವೇ ನಡೆಸಿಕೊಟ್ಟಿತು. ಬಲಗಡೆ ಹಳೆಯ ವಿದ್ಯುದಾಗಾರ, ಹಡಗಿನ ಮೂತಿಯ ಆಕಾರದಲ್ಲಿ 1960ರಲ್ಲಿ ಕಾಂಕ್ರೀಟು ಮತ್ತು ಕಲ್ಲಿನಲ್ಲಿ ಕಟ್ಟಿದ, ಪೋರ್ಚುಗೀಸ್ ಕಡಲಯಾನಿಗಳ ಸ್ಮಾರಕ, ಅದರ ಹಿಂದೆ ಜೆರೋನಿಮುಸ್ ಮಠ, ಕೊನೆಗೆ 1510ರ ದಶಕದಲ್ಲಿ ನೀರಿನಲ್ಲೇ ಎಬ್ಬಿಸಿದ ಬೆಲೇಮ್ ಗೋಪುರ. ಗೋಪುರದ ಮೂಲೆಯಲ್ಲಿ ಕೆತ್ತಿರುವ ಘೇಂಡಾಮೃಗ ದೋಣಿಯಿಂದ ಸರಿಯಾಗಿ ಕಾಣುವುದಿಲ್ಲ. ಗುಜರಾತಿನ ಸುಲ್ತಾನನು ಕೊಟ್ಟು, ಗೋವೆಯಿಂದ ಹಡಗೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂದಿಳಿದ ಪ್ರಾಣಿಯ ನೆನಪು ಅದು. ನೋಡುವ ಆಸೆಯಿರುವವರು ಹಗಲಿನಲ್ಲೇ ನಡೆದು ಹೋಗಿ ನೋಡಿಕೊಳ್ಳುವುದು ಒಳ್ಳೆಯದು.

ವಾಸ್ಕೊ ಡ ಗಾಮ 1497ರ ಜುಲೈ 8ರಂದು ಹೊರಟದ್ದು ಈ ಬೆಲೇಮಿನ ದಡದಿಂದ. ಮರಳುವ ದಾರಿಯಲ್ಲಿ ಅವನು ಹಡಗು ನಿಲ್ಲಿಸಿದ್ದು ನಮ್ಮ ಕಾರವಾರದ ಎದುರಿನ ಅಂಜದೀವದಲ್ಲಿ. 1505ರ ಮಾರ್ಚಿನಲ್ಲಿ ಇದೇ ನದಿಯಿಂದ ಹೊರಟ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇಯ್ದ ಅಂಜದೀವದಲ್ಲಿ ಕೋಟೆ ಕಟ್ಟಿ, ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ದಾಳಿಯಿಟ್ಟು ಅಳಿವೆಯಲ್ಲಿದ್ದ ಹಡಗುಗಳನ್ನು ಸುಟ್ಟ. ಮುಂದೆ ಇದೇ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದು ಅವಳೊಡನೆ ವ್ಯಾಪಾರ ಮಾಡಿದರು. ಸ್ಮಾರಕದ ಕಲ್ಲುಗಳಲ್ಲಿ ಈ ಮಾತುಗಳಿಲ್ಲ. ಹೊನ್ನಾವರದವರಾದ ನಾವು ಇವನ್ನು ಬಿಟ್ಟು ಆ ದಡವನ್ನು ನೋಡಲಾರೆವು, ನೋಡಬಾರದು ಎಂದೇ ನನ್ನ ಅಭಿಪ್ರಾಯ. ಆ ಹಡಗುಗಳೂ ಹೊರಡುವಾಗ ಇಳಿತವನ್ನೂ ಗಾಳಿಯನ್ನೂ ಕಾದೇ ಈ ನದಿಯ ಬಾಯಿ ದಾಟಬೇಕಿತ್ತು ಎಂದು ಚುಕ್ಕಾಣಿ ಹಿಡಿದವರು ಹೇಳಿದಾಗ ಅಪ್ಪ ತಲೆದೂಗಿ, “ಅಲ್ಲಿಯೂ ಅಷ್ಟೇ ಮಗಾ, ಭರತ ನೋಡದೆ ಶರಾವತಿಯ ಅಳಿವೆಗೆ ನುಗ್ಗಿದ ಹಡಗು ಮರಳಿಗೆ ಸಿಕ್ಕುತ್ತಿತ್ತು” ಎಂದರು.

ಗೋಪುರದ ಎದುರು ಹಾಯಿಯನ್ನು ಗಾಳಿಗೆ ಎದುರು ತಿರುಗಿಸಿ ದೋಣಿಯನ್ನು ನಿಧಾನಗೊಳಿಸಿದೆವು. ಏಳಕ್ಕೆ ಸ್ವಲ್ಪ ಮುಂಚೆ ಸೂರ್ಯ ದೀಪಸ್ತಂಭದ ಬಲಕ್ಕೆ, ತೆರೆದ ಕಡಲಿನ ಮೇಲೆ ಇಳಿದ. ಅಲ್ಲಿಂದ ಮುಂದೆ ಹೋಗದಿರುವುದು ಒಳಿತು, ಏಕೆಂದರೆ ನದಿಯ ಬಾಯಿಯ ಮರಳದಿಬ್ಬಗಳ ಬಳಿ ಅಟ್ಲಾಂಟಿಕ್ ಸಾಗರದ ಉಬ್ಬಲೆ ಶುರುವಾಗಿ ಹೊಟ್ಟೆ ತೊಳಸುತ್ತದೆ. ಮರಳುವ ದಾರಿ ಇಳಿತಕ್ಕೆ ಎದುರು, ಆದ್ದರಿಂದ ಹಾಯಿ ಇಳಿಸಿ ಎಂಜಿನ್ ಹಾಕುವುದು ಅನಿವಾರ್ಯ. ಧಕ್ಕೆ ಮುಟ್ಟಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಈ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡಿಕೊಂಡರೆ ಸೂರ್ಯ ಮುಳುಗುವ ಮೊದಲೇ ದೋಣಿ ತಿರುಗಿಸಬೇಕಾಗುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಆ ನಂತರ ಹೋಗುವವರು ಭರತದ ಹೊತ್ತನ್ನೂ ಸೂರ್ಯಾಸ್ತದ ಹೊತ್ತನ್ನೂ ಹೊಸ ಗಂಟೆಯಲ್ಲೇ ನೋಡಿಕೊಂಡು, ದೋಣಿಯವರಿಂದ ಹೊರಡುವ ಸಮಯವನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು.