ಗಣಿತದಲ್ಲಿ ಮುಂದಿರುವ ಮಗುವಿಗೆ ಕಾಡುವ ಲೆಕ್ಕ ಕೊಡಿ

ಮಗ್ಗಿಯನ್ನು ಪಟಪಟನೆ ಒಪ್ಪಿಸುವ ಮಕ್ಕಳಿಗೆಲ್ಲ ಗಣಿತದ ವಿಶೇಷ ಪ್ರತಿಭೆ ಇದೆಯೆಂದು ಹೇಳಲಾಗದು. ವೇಗವು ಅಭ್ಯಾಸದಿಂದಲೂ ಬರುತ್ತದೆ. ಉತ್ತರ ಸರಿಯಾಗಿ ಬಂದ ಮೇಲೂ ‘ಇದು ಯಾವಾಗಲೂ ಹೀಗೆಯೇ ಆಗುತ್ತದೆಯೇ’ ಎಂದು ಕೇಳುವ, ಮಾಡಿದ ಲೆಕ್ಕವನ್ನೇ ತಾನು ಕಂಡುಕೊಂಡ ಇನ್ನೊಂದು ದಾರಿಯಿಂದ ಮಾಡಿ ನೋಡುವ ಮಗುವನ್ನು ಗಮನಿಸಬೇಕು.

ಅಂಥ ಮಗುವಿಗೆ ಶಾಲೆಯ ಪಾಠ ಸಲೀಸು, ತೊಂದರೆ ಹುಟ್ಟುವುದೂ ಅಲ್ಲಿಯೇ. ಹಲವು ವರ್ಷ ಎಲ್ಲಿಯೂ ಎಡವದೆ ಬಂದ ಮಗು, ಮೊದಲ ಬಾರಿಗೆ ನಿಜವಾಗಿ ಕಠಿಣವಾದ ಲೆಕ್ಕ ಎದುರಾದಾಗ, ತನಗೆ ಗಣಿತ ಬರುವುದೇ ಇಲ್ಲವೆಂದು ತೀರ್ಮಾನಿಸಿಬಿಡಬಹುದು. ಆದ್ದರಿಂದ ಒಂದೇ ಬಗೆಯ ಲೆಕ್ಕಗಳನ್ನು ರಾಶಿ ರಾಶಿಯಾಗಿ ಮಾಡಿಸುವ ಬದಲು, ಕೆಲವು ದಿನ ತಲೆಯಲ್ಲಿ ಉಳಿದು ಕಾಡುವ ಒಂದೇ ಪ್ರಶ್ನೆಯನ್ನು ಕೊಡಿ.

ಉದಾಹರಣೆಗೆ, 9 ಅನ್ನು 4+5 ಎಂದೂ 2+3+4 ಎಂದೂ, 10 ಅನ್ನು 1+2+3+4 ಎಂದೂ ಬರೆಯಬಹುದು. 1ರಿಂದ ಮುಂದಿನ ಸಂಖ್ಯೆಗಳಲ್ಲಿ ಹೀಗೆ ಒಂದರ ಹಿಂದೊಂದು ಬರುವ ಎರಡನ್ನೋ ಹೆಚ್ಚನ್ನೋ ಕೂಡಿಸಿ ಪಡೆಯಲಾಗದ ಸಂಖ್ಯೆಗಳು ಯಾವುವು? ಕೂಡುವುದಷ್ಟೇ ಗೊತ್ತಿದ್ದರೂ ಹುಡುಕಾಟ ಶುರುವಾಗುತ್ತದೆ. 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತ ಹೋಗುವ ಸಂಖ್ಯೆಗಳು ಮಾತ್ರ ಹೊರಗುಳಿಯುತ್ತಿರುವುದು ಒಂದೇ ಸಂಜೆಯಲ್ಲಿ ಕಾಣಬಹುದು, ಆದರೆ ಏಕೆ ಎಂಬುದಕ್ಕೆ ವಾರಗಳೇ ಬೇಕಾದೀತು. ಆ ವಾರಗಳಲ್ಲಿ ಹಿರಿಯರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. ಮಗು ತೀರ ಸೋತಂತೆ ಕಂಡರೆ ‘ಬೆಸ ಸಂಖ್ಯೆಗಳನ್ನಷ್ಟೇ ಮೊದಲು ನೋಡಿದರೆ ಹೇಗೆ’ ಎಂಬಷ್ಟು ಸುಳಿವು ಸಾಕು.

ನಿಧಾನವನ್ನು ದಡ್ಡತನವೆಂದು ಭಾವಿಸಬೇಡಿ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 6 ಪ್ರಶ್ನೆಗಳಿಗೆ ಎರಡು ದಿನಗಳಲ್ಲಿ ಒಟ್ಟು 9 ಗಂಟೆ ಕೊಡುತ್ತಾರೆ, ಅಂದರೆ ಪ್ರಶ್ನೆಯೊಂದಕ್ಕೆ ಸರಾಸರಿ ಒಂದೂವರೆ ಗಂಟೆ. ಅಲ್ಲಿ 1994 ಮತ್ತು 1995ರಲ್ಲಿ ಚಿನ್ನ ಗೆದ್ದು, 2014ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದ ಇರಾನಿನ ಮರಿಯಮ್ ಮಿರ್ಜಾಖಾನಿ, ತಾನು ನಿಧಾನವಾಗಿ ಯೋಚಿಸುವವಳು ಎಂದೇ ಹೇಳಿಕೊಂಡಿದ್ದರು.

ಶಾಲೆಯವರೊಡನೆ ಮಾತನಾಡುವಾಗ ಹೆಚ್ಚುವರಿ ಹೋಮ್‌ವರ್ಕ್ ಕೇಳಬೇಡಿ. ಬೇಗ ಮುಗಿಸಿದ್ದಕ್ಕೆ ಅದು ಶಿಕ್ಷೆಯಂತಾಗುತ್ತದೆ. ಅಭ್ಯಾಸದ ಅತಿ ಕಷ್ಟದ ನಾಲ್ಕೈದು ಲೆಕ್ಕಗಳನ್ನು ಮೊದಲೇ ಸರಿಯಾಗಿ ಮಾಡಿದರೆ ಉಳಿದವನ್ನು ಬಿಡಲು ಅನುಮತಿ ಕೇಳಿ. ಮೇಲಿನ ತರಗತಿಗೆ ಕಳುಹಿಸುವ ಮಾತು ಬಂದಾಗ, ಮೊದಲು ಆ ತರಗತಿಯದೇ ಪರೀಕ್ಷೆ ಕೊಟ್ಟು ನೋಡುವುದು ಒಳ್ಳೆಯದು. ಮಗು ಪೂರ್ಣ ಅಂಕ ಪಡೆಯುತ್ತಿರುವ ತನ್ನ ತರಗತಿಯ ಪರೀಕ್ಷೆಯಿಂದ ಅದರ ನಿಜವಾದ ಅಳತೆ ಸಿಗುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ ಅಧ್ಯಯನವೂ ದೊಡ್ಡ ವಿದ್ಯಾರ್ಥಿಗಳ ಪರೀಕ್ಷೆಯನ್ನೇ ಇಂಥ ಮಕ್ಕಳಿಗೆ ಕೊಟ್ಟಿತು. ಗಣಿತಕ್ಕೆ ಮಾತ್ರ ಮೇಲಿನ ತರಗತಿಗೆ ಹೋಗಿ, ಉಳಿದ ಪಾಠಗಳಿಗೆ ಓರಗೆಯವರೊಡನೆ ಕೂರುವ ಏರ್ಪಾಡೂ ಸಾಧ್ಯ.

ನಿಮಗೆ ಗಣಿತ ಅಷ್ಟಾಗಿ ಬರದಿದ್ದರೆ ಅದು ಇಲ್ಲಿ ಅನುಕೂಲವೇ. ಉತ್ತರ ಮನಸ್ಸಿನಲ್ಲೇ ಹೊಳೆಯುವ ಮಕ್ಕಳು ಹಂತಗಳನ್ನು ಬರೆಯಲು ಬೇಸರಪಡುತ್ತಾರೆ. ಆಗ ಮಗು ಹೇಳಿದ್ದನ್ನು ನೀವು ಬರೆದುಕೊಳ್ಳುತ್ತ ಹೋಗಿ, ಅರ್ಥವಾಗದ ಕಡೆ ತಡೆದು, ಈ ಸಾಲಿನಿಂದ ಮುಂದಿನ ಸಾಲು ಹೇಗೆ ಬಂತೆಂದು ಕೇಳಿ.