ಮೈದನಹಳ್ಳಿ ಬಯಲಲ್ಲಿ ಚಳಿಗಾಲದ ಬೆಳಗು

ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲು ಒಣ ಹುಲ್ಲುಗಾವಲು. ಬಯಲು ಸೀಮೆಯ ಬಿಸಿಲು, ನೆರಳಿಲ್ಲದ ನೆಲ ಎರಡೂ ಇಲ್ಲಿವೆ. ಇಲ್ಲಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಸುಮಾರು 798 ಎಕರೆ. ಕೃಷ್ಣಮೃಗ ನೋಡಲು, ಚಿತ್ರ ತೆಗೆಯಲು ಹೋಗುವವರಿಗೆ ಕೆಲವು ಮಾತು.

ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದು 6.40ರ ಆಸುಪಾಸು. ಅಷ್ಟರೊಳಗೆ ಅಲ್ಲಿರಿ. ಹತ್ತು ಗಂಟೆ ದಾಟಿದರೆ ಕಾದ ನೆಲದಿಂದ ಗಾಳಿ ನಡುಗತೊಡಗುತ್ತದೆ. ಆಮೇಲೆ ಎಷ್ಟೇ ದುಬಾರಿ ಲೆನ್ಸ್ ಇದ್ದರೂ ನೂರು ಮೀಟರ್ ಆಚೆಯ ಚಿತ್ರ ಮಸುಕೇ. ಸ್ವೆಟರ್ ಬೇಕು, ಆದರೆ ಒಳಗೆ ತೆಳು ಹತ್ತಿ ಅಂಗಿ ಇರಲಿ. ತಲೆಗೆ ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು. ಬಿಳಿ, ಕೆಂಪು ಬಟ್ಟೆ ಬೇಡ.

ಹೆಚ್ಚಿನವರು ಎಡವುವುದು ಕಾರಿನಿಂದ ಇಳಿದಾಗ. ಕೃಷ್ಣಮೃಗ ನಂಬುವುದು ಕಣ್ಣನ್ನು. ನಿಂತ ವಾಹನವನ್ನು ಅದು ಸಹಿಸುತ್ತದೆ, ನಡೆದು ಬರುವ ಮನುಷ್ಯನನ್ನು ಸಹಿಸದು. ಕಾರನ್ನು ದಾರಿಯಿಂದ ಕೆಳಗಿಳಿಸದೆ ನಿಲ್ಲಿಸಿ, ಎಂಜಿನ್ ಆರಿಸಿ, ಇಪ್ಪತ್ತು ನಿಮಿಷ ಸುಮ್ಮನೆ ಕೂರಿ. ಹಿಂಡು ತಾನಾಗಿ ಹತ್ತಿರ ಮೇಯುತ್ತಾ ಬರಬಹುದು. ಅಟ್ಟಿಸಿಕೊಂಡು ಹೋಗಲೇಬೇಡಿ, ಓಡಿದ ಗರ್ಭಿಣಿ ಹೆಣ್ಣು ದಣಿಯುತ್ತದೆ, ಹುಲ್ಲಲ್ಲಿ ಅಡಗಿದ ಮರಿ ತಾಯಿಯಿಂದ ದೂರವಾಗುತ್ತದೆ.

ದಾರಿಬದಿಯಲ್ಲಿ ಕಪ್ಪು ಹಿಕ್ಕೆಯ ಗುಡ್ಡೆ ಕಂಡರೆ ಗಮನಿಸಿ: ಮೇಲೆ ಹಸಿಯಾಗಿ ಹೊಳೆಯುವ ಕಾಳು, ಅಡಿಯಲ್ಲಿ ಬೂದು ಬಣ್ಣದ ಹಳೆಯವು. ಗಂಡು ಕೃಷ್ಣಮೃಗ ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದು ತನ್ನ ಎಲ್ಲೆ ಸಾರುತ್ತದೆ. ಕಾಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಕಾಶವನ್ನೂ ನೋಡಿ. ದೂರದ ಉತ್ತರದಿಂದ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು ಹುಲ್ಲಿನ ಮೇಲೆಯೇ ತೇಲುತ್ತವೆ. ಬೀಡಿ, ಬೆಂಕಿಕಡ್ಡಿ ಮಾತ್ರ ಖಂಡಿತ ಬೇಡ. ಈ ಒಣ ಹುಲ್ಲಿಗೆ ಒಂದು ಕಿಡಿ ಸಾಕು.