ಪಿಎಂಪಿ ಪರೀಕ್ಷೆ: ಕೊಡಗಿನಲ್ಲಿದ್ದುಕೊಂಡೇ ತಯಾರಾಗುವುದು ಹೇಗೆ?

ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ತುಂಬಾ ಜನ ಇದ್ದಾರೆ. ರಸ್ತೆ, ಸೇತುವೆ, ಮನೆ ಕಾಮಗಾರಿ ನೋಡಿಕೊಳ್ಳುವ ಸೈಟ್ ಎಂಜಿನಿಯರ್‌ಗಳೂ ಇದ್ದಾರೆ. ಇವರಲ್ಲಿ ಹಲವರಿಗೆ ಮುಂದಿನ ಹೆಜ್ಜೆಯಾಗಿ ಕಾಣುವುದು ಪಿಎಂಪಿ, ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್ ಪ್ರಮಾಣಪತ್ರ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) ಇದನ್ನು ಕೊಡುತ್ತದೆ.

ಓದುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಈ ಪರೀಕ್ಷೆಯನ್ನು ಪಿಯುಸಿ ಪರೀಕ್ಷೆಯಂತೆ ಬಾಯಿಪಾಠ ಮಾಡಿ ಬರೆಯಲು ಹೋದರೆ ಕಷ್ಟ. ಇಲ್ಲಿ ವ್ಯಾಖ್ಯೆ ಕೇಳುವುದು ಅಪರೂಪ. ಒಂದು ಸನ್ನಿವೇಶ ಕೊಟ್ಟು "ಈಗ ನೀವು ಮೊದಲು ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಹಾಗಾಗಿ ತಯಾರಿಯ ಹೆಚ್ಚಿನ ಸಮಯ ಆ ಪ್ರಶ್ನೆಗೆ ಉತ್ತರಿಸುವ ಅಭ್ಯಾಸಕ್ಕೆ ಹೋಗಬೇಕು.

ಮೊದಲು ಅರ್ಹತೆ, ಅರ್ಜಿ

ಬ್ಯಾಚುಲರ್ ಪದವಿ ಇದ್ದವರಿಗೆ ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ ಬೇಕು. ಪಿಯುಸಿ ಮಟ್ಟದ ಓದಾಗಿದ್ದರೆ 60 ತಿಂಗಳು. ಜೊತೆಗೆ 35 ಗಂಟೆಗಳ ತರಬೇತಿ. ಇದನ್ನು ಆನ್‌ಲೈನ್‌ನಲ್ಲೇ ಮುಗಿಸಬಹುದು. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನಡೆಸಿದ್ದರೂ ಅದು ಒಂದು ತಿಂಗಳೇ. ನಿಯಮಗಳು ಬದಲಾಗುತ್ತವೆ, ಅರ್ಜಿ ಹಾಕುವ ಮುಂಚೆ ಪಿಎಂಐ ತಾಣವನ್ನು ಒಮ್ಮೆ ನೋಡಿಬಿಡಿ.

ನಮ್ಮ ಕಡೆಯವರು ಎಡವುವ ಜಾಗ ಒಂದಿದೆ. ಪ್ರತಿ ವರ್ಷ ನಡೆಯುವ ಕಾಫಿ ಕೊಯ್ಲು ಪ್ರಾಜೆಕ್ಟ್ ಅಲ್ಲ, ಅದು ತೋಟದ ನಿತ್ಯದ ಕೆಲಸ. ಅದೇ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಹೊಸ ಪಲ್ಪರ್ ಘಟಕ ಕೂರಿಸಿದ್ದು, ಕಾಫಿ ಒಣಗಿಸಲು ಹೊಸ ಕಣ ಕಟ್ಟಿಸಿದ್ದು, ಹಳೆ ಮನೆಯನ್ನು ಹೋಂಸ್ಟೇ ಮಾಡಿದ್ದು ಪ್ರಾಜೆಕ್ಟ್. ಅದಕ್ಕೆ ಶುರು ಇದೆ, ಕೊನೆ ಇದೆ, ಕೊನೆಯಲ್ಲಿ ಕೈಗೆ ಸಿಗುವ ಹೊಸದೊಂದು ಇದೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟುವ ಕೆಲಸದಲ್ಲಿ ತಂಡ ನಡೆಸಿದವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಅಂಥ ಅನುಭವವನ್ನು ದಯವಿಟ್ಟು ಸಣ್ಣದೆಂದು ಬಿಡಬೇಡಿ. ಐಟಿ ಕೆಲಸ ಮಾತ್ರ ಲೆಕ್ಕಕ್ಕೆ ಬರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ.

ಅರ್ಜಿಯಲ್ಲಿ ಪ್ರತಿ ಪ್ರಾಜೆಕ್ಟಿನ ಉದ್ದೇಶ, ನಿಮ್ಮ ಜವಾಬ್ದಾರಿ, ಕೊನೆಗೆ ಏನಾಯಿತು ಎಂದು ಸರಳವಾಗಿ ಬರೆಯಿರಿ. ಕೆಲವು ಅರ್ಜಿಗಳನ್ನು ಪಿಎಂಐ ಆರಿಸಿ ತಪಾಸಣೆ ಮಾಡುತ್ತದೆ. ಆಗ ನಿಮ್ಮ ಕೆಲಸ ಕಂಡವರು ದೃಢಪಡಿಸಬೇಕು. ಅವರಿಗೆ ಮೊದಲೇ ಒಂದು ಫೋನ್ ಮಾಡಿ ಹೇಳಿಟ್ಟಿರಿ.

ಅನುಭವ ಇನ್ನೂ ಇಲ್ಲವೇ? ಪೊನ್ನಂಪೇಟೆ, ಕುಶಾಲನಗರದ ಕಾಲೇಜುಗಳಿಂದ ಈಗಷ್ಟೇ ಹೊರಬಂದವರಿಗೆ ಪಿಎಂಐನದ್ದೇ ಆರಂಭಿಕ ಹಂತದ ಪ್ರಮಾಣಪತ್ರ ಸಿಎಪಿಎಂ ಇದೆ. ಅದಕ್ಕೆ ಅನುಭವ ಬೇಡ, 23 ಗಂಟೆಗಳ ತರಬೇತಿ ಸಾಕು.

ದಿನಾಂಕ ಹಿಡಿಯುವಾಗ ಮಳೆ ನೆನಪಿರಲಿ

ಅರ್ಜಿ ಒಪ್ಪಿಗೆಯಾದ ಮೇಲೆ ಒಂದು ವರ್ಷದೊಳಗೆ ಪರೀಕ್ಷೆ ಬರೆಯಬೇಕು. ಆ ಅವಧಿಯಲ್ಲಿ ಮೂರು ಸಲ ಪ್ರಯತ್ನಿಸಬಹುದು. ಪರೀಕ್ಷಾ ಕೇಂದ್ರಕ್ಕೆ ಹೋಗಿಯೂ ಬರೆಯಬಹುದು, ಮನೆಯಿಂದ ಆನ್‌ಲೈನ್‌ನಲ್ಲೂ ಬರೆಯಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯಿಂದ ಬರೆಯುವ ಆಲೋಚನೆ ಬೇಡ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ನೆಟ್‌ವರ್ಕ್ ಕೂಡ ಹಾಗೇ. ಆ ತಿಂಗಳುಗಳು ಓದಲು ಒಳ್ಳೆಯವು. ವಿಡಿಯೋ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ತೋಟ ಇರುವ ಮನೆಯವರಿಗೆ ನವೆಂಬರ್ ಕೊನೆಯಿಂದ ಕೊಯ್ಲಿನ ಓಡಾಟ. ಹೀಗಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳವರೆಗಿನ ಸಮಯ ಅನುಕೂಲ. ಅದು ತಪ್ಪಿದರೆ ಮಾರ್ಚ್, ಏಪ್ರಿಲ್.

ದಿನಾಂಕ ಹಿಡಿಯದೆ "ಓದಿ ಮುಗಿಸಿ ಬುಕ್ ಮಾಡ್ತೀನಿ" ಅನ್ನುವವರ ಓದು ಮುಗಿಯುವುದೇ ಇಲ್ಲ. ಕೆಲಸದ ಜೊತೆಗೆ ದಿನಕ್ಕೆ ಒಂದೂವರೆ ಗಂಟೆ ಕೊಡುವವರಿಗೆ ಮೂರು ತಿಂಗಳು ಸಾಕಾಗುತ್ತದೆ ಎಂಬುದು ನನ್ನ ಅಂದಾಜು.

ಪಠ್ಯ ಯಾವುದು?

ಇದಕ್ಕೆ ಒಂದೇ ಪಠ್ಯಪುಸ್ತಕ ಅಂತ ಇಲ್ಲ. ಪಿಎಂಐ ತಾಣದಲ್ಲಿ 'ಎಕ್ಸಾಮಿನೇಷನ್ ಕಂಟೆಂಟ್ ಔಟ್‌ಲೈನ್' ಎಂಬ ಕಡತ ಉಚಿತವಾಗಿ ಸಿಗುತ್ತದೆ. ಪ್ರಶ್ನೆಗಳು ಬರುವುದು ಅದರ ಮೇಲೆ. 2021ರ ಜನವರಿಯಲ್ಲಿ ಬಂದ ರೂಪುರೇಷೆಯಲ್ಲಿ ಜನರನ್ನು ನಡೆಸುವುದಕ್ಕೆ ಶೇ 42, ಕೆಲಸದ ಕ್ರಮಕ್ಕೆ ಶೇ 50, ವ್ಯವಹಾರದ ಪರಿಸರಕ್ಕೆ ಶೇ 8 ಪಾಲು. ಸುಮಾರು ಅರ್ಧ ಪ್ರಶ್ನೆಗಳು ಅಜೈಲ್ (ಕೆಲಸವನ್ನು ಸಣ್ಣ ಸುತ್ತುಗಳಲ್ಲಿ ಮಾಡುತ್ತಾ, ಬೇಕಾದಂತೆ ಯೋಜನೆ ಬದಲಿಸುತ್ತಾ ಹೋಗುವ ಪದ್ಧತಿ) ಅಥವಾ ಮಿಶ್ರ ಪದ್ಧತಿಯವು. ಈ ರೂಪುರೇಷೆಯನ್ನೂ ಪಿಎಂಐ ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತದೆ. ನೀವು ಬರೆಯುವ ದಿನಾಂಕಕ್ಕೆ ಯಾವುದು ಅನ್ವಯಿಸುತ್ತದೋ ಅದನ್ನೇ ಇಟ್ಟುಕೊಳ್ಳಿ. ಅಣ್ಣನೋ ಸ್ನೇಹಿತನೋ ಕೊಟ್ಟ ಹಳೆ ನೋಟ್ಸ್ ನಂಬಿ ಕೂರಬೇಡಿ.

ಕಟ್ಟಡ ಕೆಲಸದಿಂದ ಬಂದವರಿಗೆ ಅಜೈಲ್ ಹೊಸದು. ಸ್ಪ್ರಿಂಟ್ (ಕೆಲಸದ ಒಂದು ಕಿರು ಸುತ್ತು), ಬ್ಯಾಕ್‌ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ), ಪ್ರಾಡಕ್ಟ್ ಓನರ್ (ಆ ಪಟ್ಟಿಯನ್ನು ನೋಡಿಕೊಳ್ಳುವವರು), ಸ್ಕ್ರಮ್ ಮಾಸ್ಟರ್ (ಈ ಪದ್ಧತಿಯಲ್ಲಿ ನಡೆಯಲು ತಂಡಕ್ಕೆ ನೆರವಾಗುವವರು) ಇವುಗಳಿಗೆ ಅವರು ಜಾಸ್ತಿ ಸಮಯ ಕೊಡಲಿ. ಐಟಿಯವರು ಕ್ರಿಟಿಕಲ್ ಪಾತ್ (ಪ್ರಾಜೆಕ್ಟಿನ ಒಟ್ಟು ಅವಧಿಯನ್ನು ತೀರ್ಮಾನಿಸುವ ಕೆಲಸಗಳ ಸಾಲು), ಖರೀದಿ ಒಪ್ಪಂದ, ವೆಚ್ಚದ ಲೆಕ್ಕ ಗಟ್ಟಿ ಮಾಡಿಕೊಳ್ಳಲಿ.

ಪ್ರಶ್ನೆಯನ್ನು ಓದುವ ರೀತಿ

ಇಡೀ ತಯಾರಿಯಲ್ಲಿ ಮುಖ್ಯವಾದ ಭಾಗ ಇದು. ಒಂದು ಉದಾಹರಣೆ ನೋಡೋಣ.

ಸೋಮವಾರಪೇಟೆ ಹತ್ತಿರ ನೀವು ಒಂದು ಹೋಂಸ್ಟೇ ಕಟ್ಟಿಸುತ್ತಿದ್ದೀರಿ. ನಕ್ಷೆ, ಬಜೆಟ್, ಗಡುವು ಎಲ್ಲಕ್ಕೂ ಸಹಿ ಆಗಿದೆ. ಅರ್ಧ ಕೆಲಸ ಆದಾಗ ಮಾಲೀಕರು ಬಂದು "ಇನ್ನೆರಡು ರೂಮ್ ಸೇರಿಸಿ" ಅನ್ನುತ್ತಾರೆ. ನೀವು ಮೊದಲು ಏನು ಮಾಡಬೇಕು? ಒಂದು, ಮೇಸ್ತ್ರಿಗೆ ಹೇಳಿ ಕೆಲಸ ಶುರು ಮಾಡಿಸುವುದು. ಎರಡು, ಈಗ ಆಗುವುದಿಲ್ಲ ಎನ್ನುವುದು. ಮೂರು, ಇದರಿಂದ ಖರ್ಚು, ಸಮಯ, ಅಪಾಯ ಎಷ್ಟು ಬದಲಾಗುತ್ತದೆ ಎಂದು ತೂಗಿ ನೋಡುವುದು. ನಾಲ್ಕು, ನಿಮ್ಮ ಮೇಲಿನವರಿಗೆ ದಾಟಿಸಿಬಿಡುವುದು.

ಉತ್ತರ ಮೂರನೆಯದು. ಮೊದಲು ಪರಿಣಾಮ ತಿಳಿಯಬೇಕು. ಆಮೇಲೆ ಬದಲಾವಣೆಯ ಕೋರಿಕೆ, ಒಪ್ಪಿಗೆ, ಯೋಜನೆಯ ತಿದ್ದುಪಡಿ, ಕೊನೆಗೆ ಕೆಲಸ. ಇದೇ ಪ್ರಶ್ನೆ ಅಜೈಲ್ ತಂಡದ್ದಾಗಿದ್ದರೆ ದಾರಿ ಬೇರೆ. ಆ ಬೇಡಿಕೆ ಪ್ರಾಡಕ್ಟ್ ಓನರ್ ಬಳಿ ಹೋಗಿ ಬ್ಯಾಕ್‌ಲಾಗ್ ಸೇರುತ್ತದೆ, ಯಾವುದು ಮೊದಲು ಎಂದು ಅವರು ನಿರ್ಧರಿಸುತ್ತಾರೆ. ಅಂದರೆ ಪ್ರಶ್ನೆಯ ಕತೆಯಲ್ಲಿ ಯಾವ ಪದ್ಧತಿ ಇದೆ ಎಂದು ಮೊದಲು ಗುರುತಿಸಬೇಕು.

"ಮೊದಲು", "ಮುಂದೆ", "ಎಲ್ಲಕ್ಕಿಂತ ಒಳ್ಳೆಯದು" ಈ ಮಾತುಗಳ ಮೇಲೆ ಕಣ್ಣಿರಲಿ. ನಾಲ್ಕು ಆಯ್ಕೆಯಲ್ಲಿ ಎರಡು ಸರಿಯಾಗೇ ಕಾಣಬಹುದು, ಆದರೆ ಒಂದು ಇನ್ನೊಂದಕ್ಕಿಂತ ಮುಂಚೆ ಆಗಬೇಕಾದದ್ದು. ತಂಡದಲ್ಲಿ ಇಬ್ಬರು ಜಗಳವಾಡಿದರೆ ಮ್ಯಾನೇಜರ್‌ಗೆ ದೂರು ಕೊಡುವುದಕ್ಕಿಂತ ಇಬ್ಬರ ಜೊತೆ ಕೂತು ಕಾರಣ ತಿಳಿಯುವ ಆಯ್ಕೆಯೇ ಹೆಚ್ಚು ಸಲ ಸರಿ. ಸಮಸ್ಯೆ ಅರ್ಥವಾಗುವ ಮುಂಚೆಯೇ ಯಾರನ್ನೋ ತೆಗೆದುಹಾಕುವ, ಹಣ ಸುರಿಯುವ, ಮೇಲಕ್ಕೆ ದಾಟಿಸುವ ಆಯ್ಕೆಗಳನ್ನು ಅನುಮಾನದಿಂದಲೇ ನೋಡಿ.

ಪರೀಕ್ಷೆ ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಷಯ ಗೊತ್ತಿದ್ದೂ ಉದ್ದನೆಯ ಇಂಗ್ಲಿಷ್ ಪ್ರಶ್ನೆ ಸಮಯ ತಿನ್ನುತ್ತದೆ. ಕೊನೆಯ ಸಾಲನ್ನು ಮೊದಲು ಓದಿ. ಏನು ಕೇಳಿದ್ದಾರೆ ಎಂದು ಗೊತ್ತಾದ ಮೇಲೆ ಮೇಲಿನ ಕತೆಯನ್ನು ಒಂದೇ ಸಲ ಓದಿದರೆ ಸಾಕು. ದಿನಕ್ಕೆ ಹತ್ತೇ ಪ್ರಶ್ನೆಯಾದರೂ ಇಂಗ್ಲಿಷಿನಲ್ಲೇ ಓದುವ ರೂಢಿ ಮೊದಲ ವಾರದಿಂದ ಇರಲಿ.

ತಪ್ಪುಗಳಿಗೊಂದು ಪುಸ್ತಕ

ಸಾವಿರ ಪ್ರಶ್ನೆ ಬಿಡಿಸಿದೆ ಎನ್ನುವುದರಲ್ಲಿ ಅರ್ಥವಿಲ್ಲ. ತಪ್ಪಾದದ್ದು ಯಾಕೆ ತಪ್ಪಾಯಿತು ಎಂದು ಕೂತು ನೋಡಿದರೆ ಮಾತ್ರ ಉಪಯೋಗ. ಒಂದು ನೋಟ್‌ಬುಕ್ ಇಟ್ಟು ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಅಥವಾ ನಮ್ಮ ಆಫೀಸಿನಲ್ಲಿ ಮಾಡುವ ಹಾಗೆ ಉತ್ತರಿಸಿದೆ.

ಮೂರನೆಯದು ಅನುಭವಿಗಳನ್ನೇ ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಧಣಿ ಹೇಳಿದರೆ ಮುಗಿಯಿತು, ಕಾಗದ ಆಮೇಲೆ ನೋಡಿಕೊಳ್ಳೋಣ ಅನ್ನುತ್ತೇವೆ ಅಲ್ವಾ? ಪರೀಕ್ಷೆಯ ಪ್ರಾಜೆಕ್ಟ್ ಮ್ಯಾನೇಜರ್ ಹಾಗೆ ಮಾಡುವುದಿಲ್ಲ. ಹತ್ತು ವರ್ಷ ಸೈಟ್ ನೋಡಿಕೊಂಡವರು ತಮ್ಮ ರೂಢಿಯನ್ನು ಪರೀಕ್ಷೆಯ ಮಟ್ಟಿಗೆ ಪಕ್ಕಕ್ಕಿಡಬೇಕು. ಸರಿ ಉತ್ತರದ ವಿವರಣೆ ಓದಿ ಸುಮ್ನೆ ತಲೆಯಾಡಿಸುವುದು ಸಾಲದು. ಉಳಿದ ಮೂರು ಆಯ್ಕೆ ಯಾಕೆ ಆಗದು ಎಂದು ನಿಮ್ಮ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲೇ, ಒಂದೊಂದು ಸಾಲು ಬರೆಯಿರಿ.

ಲೆಕ್ಕ ಸ್ವಲ್ಪವೇ

ಸೂತ್ರಗಳಿಗೆ ಹೆದರಬೇಡಿ. ಹತ್ತು ಲಕ್ಷದ ಕಾಫಿ ಕಣದ ಕೆಲಸ ಎಂದುಕೊಳ್ಳಿ. ಇವತ್ತಿಗೆ ಐದು ಲಕ್ಷದ ಕೆಲಸ ಆಗಬೇಕಿತ್ತು, ಆಗಿರುವುದು ನಾಲ್ಕು ಲಕ್ಷದ್ದು, ಖರ್ಚಾಗಿರುವುದು ಐದು ಲಕ್ಷ. ವೆಚ್ಚದ ಸೂಚ್ಯಂಕ ಎಂದರೆ ಆಗಿರುವ ಕೆಲಸವನ್ನು ಆದ ಖರ್ಚಿನಿಂದ ಭಾಗಿಸಿದ್ದು: ನಾಲ್ಕನ್ನು ಐದರಿಂದ ಭಾಗಿಸಿದರೆ 0.8. ಆಗಿರುವ ಕೆಲಸವನ್ನು ಆಗಬೇಕಿದ್ದ ಕೆಲಸದಿಂದ ಭಾಗಿಸಿದರೆ ಬರುವ ವೇಗದ ಸೂಚ್ಯಂಕವೂ ಇಲ್ಲಿ 0.8. ಒಂದಕ್ಕಿಂತ ಕಡಿಮೆ ಇದ್ದರೆ ಖರ್ಚು ಮಿತಿ ಮೀರಿದೆ, ಕೆಲಸ ಹಿಂದೆ ಬಿದ್ದಿದೆ ಎಂದರ್ಥ. ಹೀಗೇ ಮುಂದುವರಿದರೆ ಒಟ್ಟು ಖರ್ಚು ಹತ್ತನ್ನು 0.8ರಿಂದ ಭಾಗಿಸಿದಷ್ಟು, ಅಂದರೆ 12.5 ಲಕ್ಷ. ಸಂಖ್ಯೆಗಿಂತ ಅದು ಏನು ಹೇಳುತ್ತದೆ ಎಂಬುದನ್ನೇ ಹೆಚ್ಚು ಕೇಳುತ್ತಾರೆ.

ಗಡಿಯಾರ ಮತ್ತು ಪರೀಕ್ಷೆಯ ದಿನ

2021ರ ಮಾದರಿಯಲ್ಲಿ 180 ಪ್ರಶ್ನೆ, 230 ನಿಮಿಷ. ಪ್ರಶ್ನೆಗೆ ಸುಮಾರು 77 ಸೆಕೆಂಡ್. ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ 60 ಮತ್ತು 120 ಪ್ರಶ್ನೆಗಳ ನಂತರ ಹತ್ತು ಹತ್ತು ನಿಮಿಷದ ಬಿಡುವು ಇದೆ. ಬಿಡುವಿಗೆ ಎದ್ದರೆ ಹಿಂದಿನ ಭಾಗಕ್ಕೆ ಮರಳಲಾಗದು, ಆದ್ದರಿಂದ ಗುರುತು ಹಾಕಿಟ್ಟ ಪ್ರಶ್ನೆಗಳನ್ನು ಮುಗಿಸಿಯೇ ಏಳಿ. ಮೊದಲ ಬಿಡುವಿನ ಹೊತ್ತಿಗೆ 153 ನಿಮಿಷ, ಎರಡನೆಯದರ ಹೊತ್ತಿಗೆ 77 ನಿಮಿಷ ಉಳಿದಿರಬೇಕು. ಹೊಸ ಮಾದರಿಯಲ್ಲಿ ಬರೆಯುವವರು ಇದೇ ರೀತಿ ಭಾಗಿಸಿಕೊಳ್ಳಿ. ಕೊನೆಯ ತಿಂಗಳಲ್ಲಿ ಎರಡು ಮೂರು ಪೂರ್ಣ ಅಣಕು ಪರೀಕ್ಷೆಗಳನ್ನು ಪರೀಕ್ಷೆಯ ಹೊತ್ತಿಗೇ ಕೂತು ಬರೆಯಿರಿ. ಎರಡು ಗಂಟೆ ದಾಟಿದ ಮೇಲೆ ಗಮನ ಹೇಗೆ ಜಾರುತ್ತದೆ ಎಂದು ಆಗಲೇ ತಿಳಿಯುವುದು.

ಮನೆಯಿಂದ ಬರೆಯುವುದಾದರೆ ಬಾಗಿಲು ಹಾಕಿದ ಕೋಣೆ, ಖಾಲಿ ಮೇಜು, ವೆಬ್‌ಕ್ಯಾಮ್ ಬೇಕು. ಮಧ್ಯೆ ಯಾರೂ ಒಳಗೆ ಬರುವಂತಿಲ್ಲ. ಅಜ್ಜಿಗೂ ಮಕ್ಕಳಿಗೂ ಹಿಂದಿನ ದಿನವೇ ಹೇಳಿಡಿ. ಕಂಪ್ಯೂಟರ್‌ಗೂ ರೂಟರ್‌ಗೂ ಯುಪಿಎಸ್ ಇರಲಿ, ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ ಸಿಸ್ಟಮ್ ಟೆಸ್ಟ್ ಮಾಡಿ. ನೆಟ್‌ವರ್ಕ್ ನಂಬುವ ಹಾಗಿಲ್ಲದಿದ್ದರೆ ಪರೀಕ್ಷಾ ಕೇಂದ್ರವೇ ಒಳ್ಳೆಯದು, ನನ್ನ ಸಲಹೆಯೂ ಅದೇ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್, ಬೆಂಗಳೂರು ಅದರ ಎರಡರಷ್ಟು. ನಮಗೆ ರೈಲೂ ಇಲ್ಲ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಪಾಸ್‌ಪೋರ್ಟ್ ಅಥವಾ ಬೇರೆ ಸರ್ಕಾರಿ ಗುರುತಿನ ಚೀಟಿಯಲ್ಲಿರುವ ಹೆಸರೂ ಅರ್ಜಿಯಲ್ಲಿರುವ ಹೆಸರೂ ಒಂದೇ ಇರಬೇಕು. ಮನೆತನದ ಹೆಸರು ಮೊದಲು ಬರೆಯುವ ಕೊಡವರು ಇದನ್ನು ಅರ್ಜಿ ಹಾಕುವಾಗಲೇ ಸರಿಯಾಗಿ ನೋಡಿಕೊಳ್ಳಬೇಕು.

ಪಾಸಾಗಲು ಎಷ್ಟು ಅಂಕ ಬೇಕು ಎಂದು ಪಿಎಂಐ ಪ್ರಕಟಿಸುವುದಿಲ್ಲ. ಪ್ರತಿ ಭಾಗದಲ್ಲಿ ನಿಮ್ಮ ಮಟ್ಟ ಏನು ಎಂಬ ವರದಿ ಮಾತ್ರ ಬರುತ್ತದೆ. ಈ ಸಲ ಆಗದಿದ್ದರೆ ಆ ವರದಿಯನ್ನು ತಪ್ಪುಗಳ ಪುಸ್ತಕದ ಪಕ್ಕದಲ್ಲಿಟ್ಟು, ಕಡಿಮೆ ಬಂದ ಭಾಗದಿಂದ ಓದು ಶುರು ಮಾಡಿ, ಒಂದು ವರ್ಷದ ಅವಧಿ ಮುಗಿಯುವುದರೊಳಗೆ ಮತ್ತೆ ದಿನಾಂಕ ಹಿಡಿಯಿರಿ. ಪಾಸಾದವರಿಗೆ ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ. ಅದನ್ನು ಉಳಿಸಿಕೊಳ್ಳಲು ಅಷ್ಟರಲ್ಲಿ 60 ಪಿಡಿಯು, ಅಂದರೆ ವೃತ್ತಿ ಕಲಿಕೆಯನ್ನು ಅಳೆಯುವ ಅಂಕಗಳನ್ನು ಸೇರಿಸಬೇಕು. ವೆಬಿನಾರ್, ತರಗತಿ, ಬೇರೆಯವರಿಗೆ ಕಲಿಸುವುದು ಎಲ್ಲವೂ ಇದಕ್ಕೆ ಬರುತ್ತದೆ. ಮೊದಲ ವರ್ಷದಿಂದಲೇ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಬನ್ನಿ.